ನಿಲ್ಲಬಲ್ಲ ಸಾರಥಿ

ಪ್ರಯಾಣಕ್ಕೆ ಹೊರಡುವವರು ಒಳ್ಳೆಯ ಹೊತ್ತು ನೋಡುತ್ತಾರೆ, ಬುತ್ತಿ ಕಟ್ಟುತ್ತಾರೆ, ಬಾಗಿಲಿಗೆ ಬೀಗ ಹಾಕಿದ ಮೇಲೂ ಒಮ್ಮೆ ಎಳೆದು ನೋಡುತ್ತಾರೆ. ಕಾರಿನ ಬಾನೆಟ್ಟನ್ನು ಎತ್ತಿ, ಅದರ ಒಡಲಿನಲ್ಲಿ ನೀರು ಸಾಕಷ್ಟಿದೆಯೇ ಎಂದು ಇಣುಕಿ ನೋಡುವವರು ಮಾತ್ರ ವಿರಳ. ಮನೆಯವರೆಲ್ಲರ ಬಾಯಾರಿಕೆಯನ್ನು ನೆನೆದು ಬಾಟಲಿಗಳನ್ನು ತುಂಬಿಕೊಳ್ಳುವ ಗೃಹಿಣಿಗೂ, ಅವರೆಲ್ಲರನ್ನೂ ಹೊತ್ತು ಓಡುವ ಯಂತ್ರಕ್ಕೆ ಬಾಯಾರಿಕೆಯೆಂಬುದೊಂದು ಉಂಟೆಂದು ತೋರುವುದಿಲ್ಲ. ಅದು ತನ್ನ ಬಾಯಾರಿಕೆಯನ್ನು ಹೇಳಿಕೊಳ್ಳುವುದು ನಡುದಾರಿಯಲ್ಲಿ, ಅದೂ ಸುಡುವ ಮಧ್ಯಾಹ್ನದಲ್ಲಿ.

ಇಂತಹ ಒಂದು ಸಂಸಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯಜಮಾನರು, ಅವರ ಮಡದಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಮೇ ತಿಂಗಳ ರಜೆ. ಹಗರಿಬೊಮ್ಮನಹಳ್ಳಿಯಲ್ಲಿ ನೆಂಟರ ಮನೆಯ ಮದುವೆ. ಅದು ಮುಗಿದ ಮೇಲೆ ಕೊಟ್ಟೂರಿಗೆ ಹೋಗಿ ಕೊಟ್ಟೂರೇಶ್ವರನ ದರ್ಶನ. ಬೆಳಗಿನ ಜಾವವೇ ಹೊರಟ ಕಾರು ಚಿತ್ರದುರ್ಗವನ್ನು ದಾಟಿ, ಹೊಸಪೇಟೆಯ ಹೆದ್ದಾರಿಯನ್ನು ಹಿಡಿದು, ಕೂಡ್ಲಿಗಿಯವರೆಗೆ ಗಾಳಿಯಂತೆ ಬಂದಿದೆ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಹಗರಿಬೊಮ್ಮನಹಳ್ಳಿಯ ದಾರಿಗೆ ತಿರುಗಿದಾಗ ನೆತ್ತಿಯ ಮೇಲೆ ಸೂರ್ಯ. ಮುಹೂರ್ತಕ್ಕಂತೂ ತಲಪಲಾಗಲಿಲ್ಲ, ಊಟದ ಹೊತ್ತಿಗಾದರೂ ತಲಪಬೇಕೆಂಬುದು ಯಜಮಾನರ ಹಟ.

೨೦೨೧ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆ ಬಿಸಿಲಿಗೆ ಹೆಸರಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಖ ೪೦ ಡಿಗ್ರಿಯನ್ನು ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಊರಿನ ಹೆಸರಿನಲ್ಲಿಯೇ ಹಗರಿಯೆಂಬ ನೀರುಂಟು. ಆದರೆ ವೈಶಾಖ ಮಾಸದಲ್ಲಿ ಹಳ್ಳದಲ್ಲಿಯೂ ನೀರುಂಟೆಂಬ ಭರವಸೆ ಇಲ್ಲ. ತಾಲ್ಲೂಕಿನ ಒಂದಂಚಿಗೆ ತುಂಗಭದ್ರೆಯ ಹಿನ್ನೀರು ಕಡಲಿನಂತೆ ಹರಡಿಕೊಂಡಿರುತ್ತದೆ. ಅಂಕಸಮುದ್ರದ ಕೆರೆ ಹಕ್ಕಿಗಳ ಬೀಡೆಂದು ೨೦೨೪ರಲ್ಲಿ ಜಗತ್ತಿನ ರಾಮ್ಸಾರ್ ತಾಣಗಳ ಪಟ್ಟಿಯನ್ನೂ ಸೇರಿದೆ. ಆದರೆ ಕೂಡ್ಲಿಗಿಯ ಕಡೆಯಿಂದ ಬರುವ ದಾರಿಹೋಕನ ಕಣ್ಣಿಗೆ ಬೀಳುವುದು ಬೋಳು ಗುಡ್ಡ, ಕಟಾವಾದ ಹೊಲ, ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಕಾರಿನೊಳಗೆ ಹವಾನಿಯಂತ್ರಣದ ತಂಪಿನಲ್ಲಿ ಕುಳಿತವರಿಗೆ ಇದೆಲ್ಲ ಗಾಜಿನಾಚೆಯ ಚಿತ್ರ. ಗಾಜಿನಾಚೆ ದುಡಿಯುತ್ತಿರುವುದು ಎಂಜಿನ್ನು.

ಮೊದಲ ಸೂಚನೆ ಬರುವುದು ತಂಪು ಗಾಳಿ ಬೆಚ್ಚಗಾದಾಗ. "ಏಕೋ ಸೆಕೆ" ಎಂದು ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ಅನಂತರ ಪಾಕ ಹತ್ತಿದಂತಹ ಒಂದು ಸಿಹಿ ವಾಸನೆ. ಚಾಲಕನ ಮುಂದಿನ ಫಲಕದಲ್ಲಿ ಮುಳ್ಳು ನಡುಮನೆಯಿಂದ ಎದ್ದು ಕೆಂಪು ಗೆರೆಯ ಕಡೆಗೆ ಹೊರಟಿರುತ್ತದೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಈ ಮುಳ್ಳೂ ಇಲ್ಲ. ಕೆಂಪು ದೀಪವೊಂದೇ ಗತಿ. ಮಡದಿ ಅದನ್ನು ಕಂಡು ಬೆರಳು ತೋರಿಸಿದರೆ ಯಜಮಾನರ ಬಾಯಿಂದ ಬರುವ ಉತ್ತರ, ಊರು ಯಾವುದಾದರೂ, ಕಾಲ ಯಾವುದಾದರೂ, ಒಂದೇ: "ಇನ್ನೈದು ಕಿಲೋಮೀಟರು, ಊರು ಬಂದೇಬಿಟ್ಟಿತು."

ಎಂಜಿನ್ನಿನ ಹಣೆಬರಹವನ್ನು ಬರೆಯುವುದು ಈ ಐದು ಕಿಲೋಮೀಟರು.

ಇದೇಕೆಂಬುದನ್ನು ತಿಳಿಯಲು ಯಂತ್ರಶಾಸ್ತ್ರದ ಪದವಿ ಬೇಕಾಗಿಲ್ಲ. ಎಂಜಿನ್ನಿನ ಕೊಳವೆಗಳಲ್ಲಿ ಇಂಧನ ಉರಿಯುವ ಆ ಕ್ಷಣದಲ್ಲಿ ಅಲ್ಲಿನ ಅನಿಲದ ಶಾಖ ೨,೦೦೦ ಡಿಗ್ರಿಯನ್ನು ಮೀರುತ್ತದೆ. ಕೊಳವೆಗಳಿಗೆ ಹೊದಿಸಿರುವ ತಲೆಭಾಗ ಇಂದಿನ ಕಾರುಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಅಲ್ಯುಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ. ಆದರೂ ಅದು ಕರಗದೆ ಉಳಿದಿರುವುದು ಸುತ್ತಲೂ ಹರಿಯುವ ನೀರಿನ ಕೃಪೆಯಿಂದ. ಸ್ಥೂಲವಾಗಿ ಹೇಳುವುದಾದರೆ, ಇಂಧನದ ಶಾಖದಲ್ಲಿ ಮೂರನೆಯ ಒಂದು ಪಾಲು ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಸಲ್ಲುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದ ಪಾಲನ್ನು ನೀರು ಹೊತ್ತು ಒಯ್ದು ಕಾರಿನ ಮೂತಿಯಲ್ಲಿರುವ ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಒಪ್ಪಿಸಿ, ತಣಿದು, ಮತ್ತೆ ಒಳಕ್ಕೆ ಹೋಗಬೇಕು. ಬಾವಿಯಿಂದ ನೀರು ಹೊರುವ ಆಳಿನಂತೆ ಅದಕ್ಕೆ ಬಿಡುವೆಂಬುದಿಲ್ಲ.

ಬೆಂಗಳೂರಿನಲ್ಲಿ ತೊಂದರೆ ಕೊಡದ ಕಾರು ಬಯಲುಸೀಮೆಯಲ್ಲಿ ಕುದಿಯುವುದೇಕೆ? ಲೆಕ್ಕ ಸರಳವಾದುದು. ನೀರು ೯೦ ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ ೨೫ ಡಿಗ್ರಿಯಲ್ಲಿದ್ದರೆ ಅವೆರಡರ ಅಂತರ ೬೫. ಗಾಳಿಯೇ ೪೦ ಡಿಗ್ರಿಯಾದಾಗ ಅಂತರ ೫೦ಕ್ಕೆ ಇಳಿಯುತ್ತದೆ. ಶಾಖ ದಾಟಿಹೋಗುವುದು ಈ ಅಂತರಕ್ಕೆ ತಕ್ಕಂತೆ. ಎಂದ ಮೇಲೆ ಅದೇ ರೇಡಿಯೇಟರು ಮುಕ್ಕಾಲು ಪಾಲಿನಷ್ಟು ಮಾತ್ರ ಕೆಲಸ ಮಾಡಬಲ್ಲದು. ಅದರ ಮುಂದೆಯೇ ಹವಾನಿಯಂತ್ರಣದ ಜಾಲರಿ ಕುಳಿತು, ಬರುವ ಗಾಳಿಯನ್ನು ಇನ್ನಷ್ಟು ಕಾಯಿಸಿ ಕಳಿಸುತ್ತದೆ. ಗಟ್ಟಿಯಾದ ಯಂತ್ರ ಇದನ್ನೂ ತಾಳಿಕೊಳ್ಳುತ್ತದೆ. ಆದರೆ ಎಲ್ಲಿಯೋ ರಬ್ಬರು ಕೊಳವೆಯೊಂದು ಬಿರುಕು ಬಿಟ್ಟು ಹನಿಯುತ್ತಿದ್ದರೆ, ನೀರು ತಳ್ಳುವ ಪಂಪು ಸವೆದಿದ್ದರೆ, ಬೀಸಣಿಗೆ ತಿರುಗದಿದ್ದರೆ, ದಾರಿ ತೆರೆಯಬೇಕಾದ ಥರ್ಮೋಸ್ಟಾಟು ಮುಚ್ಚಿಕೊಂಡೇ ಉಳಿದಿದ್ದರೆ, ತಂಪಿನ ನಾಡಿನಲ್ಲಿ ಮುಚ್ಚಿಹೋಗಿದ್ದ ದೋಷ ಇಲ್ಲಿ ಬಯಲಿಗೆ ಬೀಳುತ್ತದೆ. ಬಿಸಿಲು ರೋಗವಲ್ಲ, ರೋಗವನ್ನು ಹೊರಗೆಡಹುವ ವೈದ್ಯ.

ವೈದ್ಯನ ಮಾತನ್ನು ಕೇಳಿ ಒಡನೆಯೇ ನಿಂತವನಿಗೆ ಬಹಳವೆಂದರೆ ಒಂದು ಕೊಳವೆಯ ಅಥವಾ ಒಂದು ಪಂಪಿನ ಖರ್ಚು. "ಇನ್ನೈದು ಕಿಲೋಮೀಟರು" ಎಂದವನ ಎಂಜಿನ್ನಿನಲ್ಲಿ ಲೋಹ ಹಿಗ್ಗಿ, ತಲೆಭಾಗ ಸೊಟ್ಟಗಾಗಿ, ಅದರ ಕೆಳಗಿನ ತೆಳ್ಳನೆಯ ಗ್ಯಾಸ್ಕೆಟ್ಟು ಸೀದು, ನೀರು ಎಣ್ಣೆಯೊಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಖರ್ಚಿನ ಮಾತು ಸಾವಿರಗಳಲ್ಲಿ, ಒಮ್ಮೊಮ್ಮೆ ಲಕ್ಷದಲ್ಲಿ. ವಿಮೆ ಇದೆಯಲ್ಲ ಎನ್ನುವವರು ಪತ್ರವನ್ನು ಬಿಡಿಸಿ ಓದಬೇಕು: ಅಪಘಾತದ ನಷ್ಟ ಬೇರೆ, ಯಂತ್ರ ತಾನಾಗಿ ಕೆಟ್ಟ ನಷ್ಟ ಬೇರೆ, ಎರಡನೆಯದು ಸಾಮಾನ್ಯ ವಿಮೆಯ ಹೊರಗಿನ ಮಾತು. ಇನ್ನೊಂದು ಮೋಸವುಂಟು. ನೀರೆಲ್ಲ ಸೋರಿಹೋದ ಮೇಲೆ ಮುಳ್ಳು ಕೆಲವೊಮ್ಮೆ ತಾನೇ ಕೆಳಕ್ಕೆ ಇಳಿಯುತ್ತದೆ. ಅದು ಎಂಜಿನ್ನು ತಣಿದುದರ ಗುರುತಲ್ಲ. ಅಳೆಯುವ ಸಾಧನಕ್ಕೆ ತಾಗಲು ನೀರೇ ಉಳಿದಿಲ್ಲವೆಂಬುದರ ಗುರುತು.

ಆದುದರಿಂದ ಮೊದಲ ಉಪಾಯ ನಿಲ್ಲುವುದು. ಮುಳ್ಳು ಏರತೊಡಗಿದಾಗ ಹವಾನಿಯಂತ್ರಣವನ್ನು ಆರಿಸಬೇಕು. ಎದುರಿಗೆ ನಿಲ್ಲುವ ಜಾಗವೇ ಇಲ್ಲದಿದ್ದರೆ ಕಿಟಕಿಗಳನ್ನು ಇಳಿಸಿ ಚಳಿಗಾಲದ ಹೀಟರನ್ನು ಪೂರ್ತಿ ತಿರುಗಿಸುವುದುಂಟು. ಮೇ ತಿಂಗಳಿನಲ್ಲಿ ಇದು ಹುಚ್ಚುತನದಂತೆ ಕಂಡರೂ ಎಂಜಿನ್ನಿನ ಶಾಖದ ಒಂದಂಶ ಆ ದಾರಿಯಿಂದ ಹೊರಕ್ಕೆ ಬಂದು ಕೆಲವು ನಿಮಿಷಗಳ ಅವಕಾಶ ದೊರೆಯುತ್ತದೆ. ಆ ಅವಕಾಶವಿರುವುದು ಊರು ಸೇರಲಲ್ಲ, ಸುರಕ್ಷಿತವಾದ ಅಂಚನ್ನು ಸೇರಲು. ಮುಳ್ಳು ಕೆಂಪನ್ನು ಮುಟ್ಟಿದರೆ, ಹಬೆ ಕಂಡರೆ, ಆ ಅವಕಾಶವೂ ಮುಗಿಯಿತು. ಎಡಕ್ಕೆ ಸರಿದು, ಡಾಮರಿನಿಂದ ಕೆಳಗಿಳಿದು, ಎಂಜಿನ್ನನ್ನು ಆರಿಸಿ, ಕೈಬ್ರೇಕನ್ನು ಎಳೆದು, ಮಿನುಗುವ ದೀಪಗಳನ್ನು ಹಾಕಬೇಕು. ಕಾರಿನಲ್ಲಿರುವ ಕೆಂಪು ತ್ರಿಕೋನವನ್ನು ಐವತ್ತು ಮೀಟರಿಗೆ ಕಡಿಮೆಯಿಲ್ಲದಷ್ಟು ಹಿಂದೆ ಇಟ್ಟು ಬರಬೇಕು. ತಿರುವಿದ್ದರೆ ತಿರುವಿನ ಆಚೆಗೆ. ಮಕ್ಕಳನ್ನೂ ಮುದುಕರನ್ನೂ ಎಡಬಾಗಿಲಿನಿಂದ ಇಳಿಸಿ, ರಸ್ತೆಯಿಂದ ದೂರದ ಮರದ ನೆರಳಿಗೆ ಕಳಿಸಬೇಕು. ನಿಂತ ಕಾರು ನೆರಳು ಕೊಡುತ್ತದೆಂದು ಅದರ ಹಿಂದೆ ಕುಳಿತುಕೊಳ್ಳುವುದು ಲಾರಿಗಳು ಓಡಾಡುವ ದಾರಿಯಲ್ಲಿ ಪ್ರಾಣಕ್ಕೆ ಎರವಾದೀತು.

ಇಷ್ಟಾದ ಮೇಲೆ ಯಜಮಾನರ ಕೈ ಸುಮ್ಮನಿರುವುದಿಲ್ಲ. ಬಾನೆಟ್ಟನ್ನು ಎತ್ತಿ, ಕರವಸ್ತ್ರವನ್ನು ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಲು ಹೋಗುತ್ತದೆ. ಈ ಘಟ್ಟದಲ್ಲಿ ಮಡದಿಯ ಅಡುಗೆಮನೆಯ ಜ್ಞಾನ ಗಂಡನ ಪದವಿಗಿಂತ ದೊಡ್ಡದು. ಸೀಟಿ ಹೊಡೆಯುತ್ತಿರುವ ಕುಕ್ಕರನ್ನು ಒಲೆಯಿಂದ ಇಳಿಸಿದೊಡನೆ ಮುಚ್ಚಳ ತೆಗೆಯುವ ಗೃಹಿಣಿ ಯಾವ ಮನೆಯಲ್ಲಿಯೂ ಇಲ್ಲ. ರೇಡಿಯೇಟರೂ ಒಂದು ಕುಕ್ಕರೇ. ನೀರು ೧೦೦ ಡಿಗ್ರಿಯಲ್ಲಿಯೇ ಕುದಿದುಹೋಗದಿರಲೆಂದು ಅದನ್ನು ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೊಂದರಷ್ಟು ಒತ್ತಡವಿದ್ದರೆ ನೀರು ಕುದಿಯುವುದು ಸುಮಾರು ೧೨೦ ಡಿಗ್ರಿಯಲ್ಲಿ. ಮುಚ್ಚಳ ತೆರೆದ ಕ್ಷಣ ಒತ್ತಡ ಕಳಚಿ, ತಡೆದಿದ್ದ ನೀರೆಲ್ಲ ಒಮ್ಮೆಗೆ ಕುದಿದು, ಹಬೆಯಾಗಿ ಮುಖಕ್ಕೆ ಎರಗುತ್ತದೆ. ಸುಟ್ಟ ಮುಖಕ್ಕೆ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ದೊರೆಯದು. ಕಾಯಬೇಕಾದುದು ಅರ್ಧ ಗಂಟೆ, ಮುಕ್ಕಾಲು ಗಂಟೆ. ಮೇಲಿನ ರಬ್ಬರು ಕೊಳವೆಯನ್ನು ಮುಟ್ಟಿದರೆ ಕೈ ತಾಳುವವರೆಗೆ. ಎಂಜಿನ್ನು ಆರಿದ ಮೇಲೂ ವಿದ್ಯುತ್ ಬೀಸಣಿಗೆ ತಾನಾಗಿಯೇ ತಿರುಗತೊಡಗುವುದುಂಟು; ಇಣುಕಿ ನೋಡುವವರ ಬೆರಳೂ ಸೆರಗೂ ಅದರಿಂದ ದೂರವಿರಬೇಕು.

ಕಾಯುವ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕಾರಿನಲ್ಲಿ ಉಳಿದಿರುವುದು ಎರಡು ಬಾಟಲಿ ನೀರು. ಅದು ಯಾರಿಗೆ? ಮಕ್ಕಳಿಗೋ, ಅಜ್ಜಿಗೋ, ಎಂಜಿನ್ನಿಗೋ? ನೀರು ಸುರಿದರೆ ಕಾರು ಹೊರಡುತ್ತದೆಂಬ ಆಸೆಯಿಂದ ಮಕ್ಕಳ ಬಾಯಿಂದ ತಪ್ಪಿಸಿ ಯಂತ್ರಕ್ಕೆ ಉಣಿಸುವ ಅವಸರಗಾರರು ಉಂಟು. ಇಲ್ಲಿ ಧರ್ಮವೂ ಯಂತ್ರಶಾಸ್ತ್ರವೂ ಒಂದೇ ಮಾತನ್ನು ಹೇಳುತ್ತವೆ. ಆರಿಸಿಟ್ಟ ಎಂಜಿನ್ನು ನೀರಿಲ್ಲದೆ ಎಷ್ಟು ಹೊತ್ತು ನಿಂತರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಕಾದ ಲೋಹಕ್ಕೆ ತಣ್ಣೀರನ್ನು ಸುರಿದರೆ ಬಿರುಕು ಬಿಟ್ಟೀತು. ೪೦ ಡಿಗ್ರಿಯ ಬಿಸಿಲಿನಲ್ಲಿ ನೀರಿಲ್ಲದ ಮಗುವಾಗಲಿ ಮುದುಕಿಯಾಗಲಿ ಹಾಗೆ ಕಾಯಲಾರರು. ಮೊದಲ ನೀರು ಮನುಷ್ಯರಿಗೆ. ಯಂತ್ರದ ಸರದಿ ಅದು ತಣಿದ ಮೇಲೆ.

ಹಿಂದಿನ ಕಾಲದವರಿಗೆ ಈ ಶಿಸ್ತು ಅಭ್ಯಾಸವಾಗಿತ್ತು. ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ ಕಾರುಗಳ ದಿನಗಳಲ್ಲಿ ನೀರಿನ ಡಬ್ಬಿಯಿಲ್ಲದೆ ಘಟ್ಟವನ್ನು ಹತ್ತುವವರಿರಲಿಲ್ಲ. ಲಾರಿಯ ಕ್ಲೀನರಿಗೆ ನೀರು ತರುವುದೇ ಮೊದಲ ಪಾಠ. ೨೦೧೪ರಲ್ಲಿ ಅಂಬಾಸಿಡರಿನ ತಯಾರಿಕೆಯೂ ನಿಂತಿತು. ಹೊಸ ಕಾರುಗಳು ಕುದಿಯುವುದು ಅಪರೂಪ. ಆದುದರಿಂದಲೇ ಕುದಿದಾಗ ಏನು ಮಾಡಬೇಕೆಂಬುದು ಮರೆತುಹೋಗಿದೆ. ಇನ್ನೂ ಹಿಂದಕ್ಕೆ ಹೋದರೆ, ಮೋಟಾರು ವಾಹನದ ಮೊದಲ ದೂರಪ್ರಯಾಣವೇ ನೀರಿಗಾಗಿ ನಿಂತು ನಿಂತು ನಡೆದುದು. ೧೮೮೮ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ತನ್ನ ಇಬ್ಬರು ಗಂಡುಮಕ್ಕಳೊಡನೆ, ಗಂಡನಿಗೆ ತಿಳಿಸದೆ, ಆತ ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿದಳು. ಆ ಗಾಡಿಯ ನೀರು ಕುದಿದು ಆವಿಯಾಗುತ್ತಲೇ ಎಂಜಿನ್ನನ್ನು ತಂಪಾಗಿಡುತ್ತಿತ್ತು. ದಾರಿಯುದ್ದಕ್ಕೂ ನಿಲ್ಲಿಸಿ ಸಿಕ್ಕಲ್ಲೆಲ್ಲ ನೀರು ತುಂಬಬೇಕಾಗಿತ್ತು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಸಂಜೆಗೆ ತವರನ್ನು ತಲಪಿದಳು. ಪದೇಪದೇ ನಿಂತುದು ಆಕೆಗೆ ಅವಮಾನವೆನಿಸಲಿಲ್ಲ.

ಕೂಡ್ಲಿಗಿಯ ದಾರಿಯಲ್ಲಿ ನಿಂತ ಸಂಸಾರಕ್ಕೆ ಹಿಂತಿರುಗೋಣ. ಬಯಲುಸೀಮೆಯ ರಸ್ತೆಯಲ್ಲಿ ಕೆಟ್ಟು ನಿಂತ ಕಾರು ಬಹಳ ಹೊತ್ತು ಒಂಟಿಯಾಗಿರುವುದಿಲ್ಲ. ಟ್ರಾಕ್ಟರೊಂದು ನಿಲ್ಲುತ್ತದೆ. ತಲೆಗೆ ಟವಲು ಸುತ್ತಿದ ರೈತ ಇಳಿದು ಬರುತ್ತಾನೆ. "ಯಾಕ್ರಿ, ಗಾಡಿ ಕಾದೈತೇನು? ಮುಚ್ಚಳ ಮುಟ್ಟಬ್ಯಾಡ್ರಿ, ತಣ್ಣಗಾಗ್ಲಿ" ಎನ್ನುತ್ತಾನೆ. ಹತ್ತಿರದ ಹೊಲದ ಕೊಳವೆಬಾವಿಯಿಂದ ಒಂದು ಕೊಡ ನೀರೂ ಬರುತ್ತದೆ. ತಣಿದ ಮೇಲೆ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ, ಉಳಿದ ಹಬೆಯನ್ನು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ನೀರು ತುಂಬಬಹುದು. ಆ ನೀರು ಆಪತ್ಕಾಲಕ್ಕೆ ಮಾತ್ರ. ಈ ಸೀಮೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಸ್ನಾನದ ಹಂಡೆಯಲ್ಲಿ ಬಿಳಿಯ ಹಕ್ಕಳೆ ಕಟ್ಟಿಸುವ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಊರು ಸೇರಿದೊಡನೆ ಅದನ್ನು ತೆಗೆಸಿ, ಕುದಿಬಿಂದುವನ್ನು ಏರಿಸಿ ತುಕ್ಕನ್ನು ತಡೆಯುವ ಕೂಲೆಂಟನ್ನು ತುಂಬಿಸಬೇಕು. ತುಂಬಿದ ನೀರು ಕೆಳಗೆ ಧಾರೆಯಾಗಿ ಸುರಿದರೆ, ಎಣ್ಣೆಯ ಕಡ್ಡಿಗೆ ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ, ಬೆಲ್ಟು ಹರಿದಿದ್ದರೆ, ಕಾರು ತನ್ನ ಕಾಲಿನ ಮೇಲೆ ಊರಿಗೆ ಬಾರದು. ಹೊರಿಸಿಯೇ ತರಬೇಕು.

ಆಗ "ನನ್ನ ಟ್ರಾಕ್ಟರಿಗೆ ಹಗ್ಗ ಕಟ್ರಿ, ಊರಿಗೆ ಮುಟ್ಟಿಸ್ತೀನಿ" ಎಂದು ಆ ಪುಣ್ಯಾತ್ಮನೇ ಅನ್ನಬಹುದು. ಮಾತು ಒಳ್ಳೆಯದು, ಉಪಾಯ ಅಷ್ಟು ಒಳ್ಳೆಯದಲ್ಲ. ಎಂಜಿನ್ನು ಆರಿದ ಕಾರಿನಲ್ಲಿ ಸ್ಟಿಯರಿಂಗು ಕಲ್ಲಾಗುತ್ತದೆ. ಬ್ರೇಕಿಗೆ ಎಂಜಿನ್ನಿನಿಂದ ಬರುತ್ತಿದ್ದ ಬೆಂಬಲ ಇಲ್ಲವಾಗಿ, ಎರಡು ಮೂರು ಬಾರಿ ಒತ್ತಿದ ಮೇಲೆ ಕಾಲಿನ ಬಲವೆಲ್ಲ ಬೇಕಾಗುತ್ತದೆ. ಎಳೆಯುವ ವಾಹನಕ್ಕೂ ಎಳೆಸಿಕೊಳ್ಳುವುದಕ್ಕೂ ನಡುವೆ ಐದು ಮೀಟರಿಗಿಂತ ಹೆಚ್ಚಿನ ಅಂತರ ಕೂಡದೆಂಬುದು ನಿಯಮ. ಆ ಐದು ಮೀಟರಿನಲ್ಲಿ ಕಲ್ಲಾದ ಬ್ರೇಕಿನಿಂದ ಕಾರನ್ನು ನಿಲ್ಲಿಸುವುದು ಅಭ್ಯಾಸವಿಲ್ಲದವರ ಕೆಲಸವಲ್ಲ. ಗೇರು ತಾನಾಗಿ ಬದಲಾಗುವ ಕಾರಾದರೆ, ಎಳೆಯುವ ಚಕ್ರಗಳು ನೆಲದ ಮೇಲೆ ಉರುಳಿದರೆ ಗೇರುಪೆಟ್ಟಿಗೆಯೂ ಹಾಳು. ಚಪ್ಪಟೆ ಹಲಗೆಯ ಲಾರಿಯ ಮೇಲೆ ಇಡೀ ಕಾರನ್ನು ಹೊರಿಸಿ ತರುವುದು ಕ್ಷೇಮ.

ಅದನ್ನು ಕರೆಸುವುದು ಹೇಗೆ? ಮೊದಲು ತಾನು ಯಾವ ರಸ್ತೆಯಲ್ಲಿದ್ದೇನೆಂಬುದನ್ನು ತಿಳಿಯಬೇಕು. ಇದನ್ನು ಕಿಲೋಮೀಟರು ಕಲ್ಲೇ ಹೇಳುತ್ತದೆ. ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಚಿತ್ರದುರ್ಗದಿಂದ ಕೂಡ್ಲಿಗಿಯ ಮೇಲೆ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ನಿಂತಿದ್ದರೆ ೧೦೩೩ಕ್ಕೆ ದೂರವಾಣಿ ಮಾಡಬಹುದು. ಹೆದ್ದಾರಿಯ ಪ್ರಾಧಿಕಾರ ಹಗಲಿರುಳೂ ನಡೆಸುವ ನೆರವಿನ ಸಂಖ್ಯೆ ಅದು. ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ತಿರುಗಿದವರಿಗೆ ಆ ಆಸರೆ ಹಿಂದೆಯೇ ಉಳಿಯಿತು. ಅಲ್ಲಿ ಕಾರಿನ ಕಂಪೆನಿಯ ಅಥವಾ ವಿಮೆಯವರ ರಸ್ತೆಬದಿ ನೆರವು, ಇಲ್ಲವೇ ಹತ್ತಿರದ ಊರಿನ ಮೆಕಾನಿಕ್ಕು. ನಿಂತ ಜಾಗದಿಂದ ಅಪಾಯವಿದ್ದರೆ, ಕತ್ತಲಾಗಿದ್ದರೆ, ಯಾರಿಗಾದರೂ ಬಿಸಿಲು ಬಡಿದಿದ್ದರೆ ೧೧೨. ರಸ್ತೆಬದಿ ನೆರವು ವಿಮೆಯೊಡನೆ ತಾನಾಗಿ ಬರುವುದಲ್ಲ, ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬೇಕಾದುದು. ಅದು ತನ್ನಲ್ಲಿದೆಯೇ, ಎಷ್ಟು ದೂರದವರೆಗೆ ಹೊರುತ್ತದೆ ಎಂಬುದನ್ನು ಮನೆಯಲ್ಲಿಯೇ ಓದಿ, ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಜಾಣತನ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೇನು ಫಲ?

ದೂರವಾಣಿಯಲ್ಲಿ "ಎಲ್ಲೋ ಕಾಡಿನ ನಡುವೆ ನಿಂತುಬಿಟ್ಟಿದ್ದೇವೆ" ಎಂದರೆ ಯಾರೂ ಬರಲಾರರು. ಯಾವ ಎರಡು ಊರುಗಳ ನಡುವೆ, ಯಾವ ಊರಿನ ಕಡೆಗೆ ಮುಖಮಾಡಿ, ಕಲ್ಲಿನ ಮೇಲೆ ಎಷ್ಟು ಕಿಲೋಮೀಟರು, ಯಾವ ಕಾರು, ಗೇರು ಯಾವ ಬಗೆಯದು, ಜನರೆಷ್ಟು, ಮುದುಕರು ಮಕ್ಕಳು ಇದ್ದಾರೆಯೇ ಎಂಬಿಷ್ಟನ್ನು ಹೇಳಿದರೆ ಬರುವವನು ತಕ್ಕ ವಾಹನವನ್ನೇ ತರುತ್ತಾನೆ. ಊರಿನ ಹೆಸರು ತಿಳಿಯದಿದ್ದರೆ ಟ್ರಾಕ್ಟರಿನ ರೈತನ ಕೈಗೆ ಫೋನನ್ನು ಕೊಡುವುದು ಲೇಸು. ಯಾವ ನಕ್ಷೆಗಿಂತಲೂ ಅವನಿಗೆ ಆ ದಾರಿ ಚೆನ್ನಾಗಿ ಗೊತ್ತು. ಲಾರಿ ಬಂದ ಮೇಲೆ, ಕಾರನ್ನು ಏರಿಸುವುದಕ್ಕೆ ಮೊದಲೇ, ಎಲ್ಲಿಗೆ ಒಯ್ಯುವುದು, ಎಷ್ಟು ಕೊಡುವುದು ಎಂಬುದು ಇತ್ಯರ್ಥವಾಗಬೇಕು. ಕಾರಿನ ನಾಲ್ಕು ಮೈಗಳ ಚಿತ್ರ ತೆಗೆದುಕೊಳ್ಳಬೇಕು. ಬಂಗಾರ, ಹಣ, ಕಾಗದಪತ್ರಗಳನ್ನು ಇಳಿಸಿಕೊಳ್ಳಬೇಕು. ಮದುವೆಗೆ ಹೊರಟವರ ಕಾರಿನಲ್ಲಿ ಇವೆಲ್ಲ ಇದ್ದೇ ಇರುತ್ತವೆ.

ಆ ಸಂಸಾರ ಊಟದ ಹೊತ್ತಿಗೆ ತಲಪಲಿಲ್ಲ. ಮೂರು ಗಂಟೆಗೆ ಲಾರಿಯ ಮುಂಗುಡಾರದಲ್ಲಿ ಯಜಮಾನರೂ, ನೆಂಟರು ಕಳಿಸಿದ ಜೀಪಿನಲ್ಲಿ ಉಳಿದವರೂ ಹಗರಿಬೊಮ್ಮನಹಳ್ಳಿಯನ್ನು ಹೊಕ್ಕರು. ಎಲೆ ಹಾಕಿಸಿ ಕಾದಿದ್ದರು. ಬಿರಿದಿದ್ದ ಕೊಳವೆಯೊಂದನ್ನು ಬದಲಾಯಿಸಿ ಮರುದಿನ ಬೆಳಗ್ಗೆ ಕಾರನ್ನು ತಂದು ಕೊಟ್ಟರು. "ಇನ್ನೈದು ಕಿಲೋಮೀಟರು" ಎಂದಿದ್ದ ಯಜಮಾನರು ಅರ್ಧ ಕಿಲೋಮೀಟರಿಗೆ ನಿಂತುದು ಯಾರ ಮಾತಿನಿಂದ ಎಂಬುದನ್ನು ಅಜ್ಜಿ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿದರು.

ಅವಸರದ ಮಾತು ಬಂದಾಗ ಮಹಾಭಾರತದ ದ್ರೋಣಪರ್ವ ನೆನಪಾಗುತ್ತದೆ. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಯನ್ನು ಹೊಗುವೆನೆಂದು ಅರ್ಜುನ ಶಪಥ ಮಾಡಿದ್ದ ದಿನ. ಅದಕ್ಕಿಂತ ದೊಡ್ಡ ಅವಸರ ಯಾರಿಗುಂಟು? ಶತ್ರುಗಳ ಸೇನೆಯ ಮಧ್ಯದಲ್ಲಿ ಕುದುರೆಗಳು ಬಸವಳಿದವು. ಇನ್ನು ಸ್ವಲ್ಪವೇ ದೂರ ಎಂದು ಸಾರಥಿ ಚಾವಟಿಯನ್ನು ಎತ್ತಲಿಲ್ಲ. ಕೃಷ್ಣ ರಥವನ್ನು ನಿಲ್ಲಿಸಿದ. ಅರ್ಜುನ ಕೆಳಗಿಳಿದು, ಬಾಣದಿಂದ ನೆಲವನ್ನು ಸೀಳಿ ಕೊಳವನ್ನು ನಿರ್ಮಿಸಿದ. ಬಾಣಗಳಿಂದಲೇ ನೆರಳಿನ ಮನೆಯೊಂದನ್ನು ಕಟ್ಟಿದ. ಕೃಷ್ಣ ಕುದುರೆಗಳನ್ನು ಬಿಚ್ಚಿ, ನಾಟಿದ್ದ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ, ಮತ್ತೆ ಹೂಡಿದ. ಶಪಥ ಅಂದೇ ಈಡೇರಿತು.

ಎಂಜಿನ್ನಿನ ಬಲವನ್ನು ಇಂದಿಗೂ ಅಶ್ವಶಕ್ತಿಯಿಂದಲೇ ಅಳೆಯುತ್ತಾರೆ. ಅಶ್ವವನ್ನು ಓಡಿಸಲು ಬಂದರಷ್ಟೇ ಸಾಲದು. ಅದು ಬಾಯಾರಿದಾಗ ನಿಲ್ಲಿಸಲೂ ಬರಬೇಕು.